ಒಳಗೆ ಬರಲು ಬಯಸಿದ ಪಶ್ಚಿಮ



ಪ್ರಾದೇಶಿಕ ಪಕ್ಷವೆಂದರೆ ತನ್ನ ಸೀಮೆಯ ಪಾಲು ಕೇಳುವ ಪಕ್ಷ ಎಂಬ ಭಾವನೆ ಸಾಮಾನ್ಯ. ಅಂಥದೊಂದು ಪಕ್ಷ ಇಡೀ ರಾಷ್ಟ್ರದ ಬಲಪಂಥೀಯ ರಾಜಕಾರಣದ ದಿಕ್ಕನ್ನೇ ಬದಲಿಸಿದ ಉದಾಹರಣೆ ಕೆನಡಾದಲ್ಲಿದೆ.

ಕೆನಡಾದ ಪಶ್ಚಿಮ ಪ್ರಾಂತ್ಯಗಳು ಗೋಧಿಯ, ತೈಲದ ನಾಡು. ಆದರೆ ಜನಸಂಖ್ಯೆ ಹೆಚ್ಚಾಗಿರುವುದು ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ; ಸಂಸತ್ತಿನ ಸ್ಥಾನಗಳೂ ಅಲ್ಲಿಯೇ ಹೆಚ್ಚು. 1980ರಲ್ಲಿ ಲಿಬರಲ್ ಸರ್ಕಾರ ತಂದ ಇಂಧನ ನೀತಿ ತೈಲಸಮೃದ್ಧ ಆಲ್ಬರ್ಟಾವನ್ನು ಕೆರಳಿಸಿತು. 1984ರಲ್ಲಿ ಪಶ್ಚಿಮದವರು ಕನ್ಸರ್ವೇಟಿವರನ್ನು ಮನಸಾರೆ ಬೆಂಬಲಿಸಿದರು. ಆದರೂ 1986ರಲ್ಲಿ ಯುದ್ಧವಿಮಾನಗಳ ನಿರ್ವಹಣೆಯ ಗುತ್ತಿಗೆ ವಿನ್ನಿಪೆಗ್‌ನ ಕೈತಪ್ಪಿ ಮಾಂಟ್ರಿಯಲ್ ಪಾಲಾಯಿತು. ನಮ್ಮವರೆಂದು ನಂಬಿದವರೂ ಹೀಗೆ ಮಾಡಿದರಲ್ಲ ಎಂಬ ನೋವು ಉಳಿಯಿತು.

ಈ ನೋವಿನಿಂದ 1987ರಲ್ಲಿ ಪ್ರೆಸ್ಟನ್ ಮ್ಯಾನಿಂಗ್ ನೇತೃತ್ವದ ರಿಫಾರ್ಮ್ ಪಕ್ಷ ಹುಟ್ಟಿತು. ಪಶ್ಚಿಮ ಒಳಗೆ ಬರಬಯಸುತ್ತದೆ ಎಂಬುದು ಅದರ ಘೋಷಣೆ. ದೇಶದಿಂದ ಹೊರಗೆ ಹೋಗುವ ಮಾತಲ್ಲ, ಒಳಗೆ ಬರುವ ಮಾತು ಎಂಬುದನ್ನು ಗಮನಿಸಬೇಕು. ಕೊರತೆಯಿಲ್ಲದ ಬಜೆಟ್, ಕಡಿಮೆ ತೆರಿಗೆ, ಪ್ರಾಂತ್ಯಗಳಿಗೆ ಸಮಪಾಲಿರುವ ಚುನಾಯಿತ ಸೆನೆಟ್ ಅದರ ಬೇಡಿಕೆಗಳು.

1993ರ ಚುನಾವಣೆಯಲ್ಲಿ ರಿಫಾರ್ಮ್ 52 ಸ್ಥಾನ ಗೆದ್ದಿತು. ಆಳುತ್ತಿದ್ದ ಕನ್ಸರ್ವೇಟಿವರಿಗೆ ಉಳಿದದ್ದು ಕೇವಲ 2! ಆದರೆ ನಮ್ಮಲ್ಲಿರುವಂತೆಯೇ ಅಲ್ಲಿಯೂ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ. ಮತ ಒಡೆದುದರಿಂದ 1993, 1997, 2000ರಲ್ಲಿ ಲಿಬರಲ್ಲರೇ ಗೆದ್ದರು. 1997ರಲ್ಲಿ 60 ಸ್ಥಾನಗಳೊಂದಿಗೆ ರಿಫಾರ್ಮ್ ಅಧಿಕೃತ ವಿರೋಧ ಪಕ್ಷವಾದರೂ ಒಂಟಾರಿಯೊದಲ್ಲಿ ಒಂದು ಸ್ಥಾನವೂ ದಕ್ಕಲಿಲ್ಲ.

ಬೆಳೆಯಬೇಕಾದರೆ ಹೆಸರನ್ನೇ ಬಿಡಬೇಕೆಂದು ಮ್ಯಾನಿಂಗ್ ಅರಿತರು. 2000ದಲ್ಲಿ ಪಕ್ಷ ಕೆನೇಡಿಯನ್ ಅಲಯನ್ಸ್ ಆಯಿತು. ಅದರ ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. 2003ರಲ್ಲಿ ಅಲಯನ್ಸ್ ಹಳೆಯ ಕನ್ಸರ್ವೇಟಿವರೊಂದಿಗೆ ವಿಲೀನಗೊಂಡಿತು. 1993ರಲ್ಲಿ ರಿಫಾರ್ಮ್ ಸದಸ್ಯರಾಗಿ ಸಂಸತ್ತಿಗೆ ಬಂದಿದ್ದ ಸ್ಟೀಫನ್ ಹಾರ್ಪರ್ 2006ರಿಂದ 2015ರವರೆಗೆ ಪ್ರಧಾನಿಯಾಗಿದ್ದರು.

ಪಶ್ಚಿಮ ಒಳಗೆ ಬಂದಿತು, ನಿಜ. ಆದರೆ ಅದಕ್ಕೆ ತೆತ್ತ ಬೆಲೆಯೇನು? ಕ್ವಿಬೆಕ್‌ಗೆ ವಿಶೇಷ ಸ್ಥಾನ ಕೂಡದೆನ್ನುತ್ತಿದ್ದ ಪಕ್ಷದಿಂದ ಬಂದ ಹಾರ್ಪರ್, 2006ರಲ್ಲಿ ಅಖಂಡ ಕೆನಡಾದೊಳಗೆ ಕ್ವಿಬೆಕ್ ಜನತೆ ಒಂದು ರಾಷ್ಟ್ರವೆಂಬ ನಿರ್ಣಯವನ್ನು ತಾವೇ ಮಂಡಿಸಿದರು. ಪ್ರಾಂತ್ಯಗಳ ಸಮ್ಮತಿಯಿಲ್ಲದೆ ಸೆನೆಟ್ ಚುನಾವಣೆ ತರಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆರಿಗೆ, ಬಜೆಟ್ಟಿನ ವಿಚಾರಗಳು ರಾಷ್ಟ್ರದವಾದವು. ಪಶ್ಚಿಮದ್ದೇ ಆದ ಬೇಡಿಕೆಗಳು ಹೊಸ್ತಿಲಲ್ಲೇ ಉಳಿದವು.

ದೊಡ್ಡ ಮನೆಯನ್ನು ಬದಲಿಸಲು ಹೋದವರು ಆ ಮನೆಯ ರೀತಿಗೆ ತಾವೂ ಬದಲಾಗುತ್ತಾರೆ. ಇದು ಸೋಲೋ ಗೆಲುವೋ, ತಾವೇ ಯೋಚಿಸಿ.