ಮಳೆಯಿಲ್ಲದ ನಾಡು ಕಲಿಸಿದ ನೀರಿನ ಪಾಠ

(ಬಳಗದ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಳೆದ ಜೂನ್ ತಿಂಗಳಲ್ಲಿ ಮನಾಲಿಯಿಂದ ಲೇಹ್‌ವರೆಗೆ ಜೀಪಿನಲ್ಲಿ ಪ್ರಯಾಣ ಮಾಡಿದೆ. ಆ ಅನುಭವವನ್ನು ಹಂಚಿಕೊಳ್ಳಬೇಕೆಂದು ತಾವು ಅಪೇಕ್ಷಿಸಿದ್ದೀರಿ. ಹಿಮಶಿಖರಗಳ ವರ್ಣನೆ ನನ್ನ ಶಕ್ತಿಗೆ ಮೀರಿದ್ದು. ಕೃಷಿವಿಜ್ಞಾನಿಯಾಗಿ ಅಲ್ಲಿ ಕಂಡ ನೀರಿನ ವ್ಯವಸ್ಥೆಯ ಕುರಿತು ನಾಲ್ಕು ಮಾತುಗಳನ್ನಷ್ಟೇ ಹೇಳುತ್ತೇನೆ.

ಮುಂಗಾರಿನ ಮೋಡಗಳನ್ನು ಹಿಮಾಲಯದ ಶ್ರೇಣಿಗಳು ದಕ್ಷಿಣದಲ್ಲಿಯೇ ತಡೆದುಬಿಡುತ್ತವೆ. ಆದ್ದರಿಂದ ಬಾರಾಲಾಚಾ ಕಣಿವೆಮಾರ್ಗವನ್ನು ದಾಟಿದ ಮೇಲೆ ಗಂಟೆಗಟ್ಟಲೆ ಸಾಗಿದರೂ ಒಂದು ಮರ ಕಾಣದು. ಮೋರೆ ಬಯಲಿನಲ್ಲಿ ಚಾಂಗ್ಪಾ ಪಶುಪಾಲಕರ ಆಡುಗಳು ಹುಡುಕಿ ಹುಡುಕಿ ಹುಲ್ಲು ಮೇಯುತ್ತವೆ. ಐದು ಸಾವಿರದ ಮುನ್ನೂರು ಮೀಟರಿಗೂ ಎತ್ತರದ ತಂಗ್ಲಂಗ್ ಲಾ ಇಳಿದ ಬಳಿಕ, ಬರಡು ಬೆಟ್ಟಗಳ ನಡುವೆ ಬಾರ್ಲಿ ಹೊಲಗಳ ಹಸಿರು ಥಟ್ಟನೆ ಎದುರಾಗುತ್ತದೆ.

ಲೇಹ್‌ನ ವಾರ್ಷಿಕ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿ.ಮೀ. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿಯುವುದುಂಟು. ಹಾಗಿದ್ದೂ ಅಲ್ಲಿ ಬೆಳೆ ಬರುವುದು ಹೇಗೆ? ಕರಗಿದ ಹಿಮದ ನೀರನ್ನು ಕಾಲುವೆಗಳಲ್ಲಿ ತಂದು, ರಾತ್ರಿಯ ಹರಿವನ್ನು ‘ಜಿಂಗ್’ ಎಂಬ ಪುಟ್ಟ ಕೆರೆಯಲ್ಲಿ ತುಂಬಿಸಿ, ಹಗಲಿನಲ್ಲಿ ಸರದಿಯಂತೆ ಹೊಲಗಳಿಗೆ ಬಿಡುತ್ತಾರೆ. ಸರದಿ ನೋಡಿಕೊಳ್ಳುವವನು ಊರವರೇ ನೇಮಿಸಿದ ‘ಚುರ್ಪೋನ್’; ನಮ್ಮ ಬಯಲುಸೀಮೆಯ ನೀರುಗಂಟಿಯಂಥವನು.

ಬಿತ್ತನೆಗೆ ಏಪ್ರಿಲ್–ಮೇ ತಿಂಗಳಲ್ಲಿ ನೀರು ಬೇಕು. ಎತ್ತರದ ಹಿಮನದಿಗಳು ಚೆನ್ನಾಗಿ ಕರಗುವುದು ಜೂನ್ ನಂತರ. ಈ ಅಂತರವನ್ನು ತುಂಬಲು ಚೆವಾಂಗ್ ನೋರ್ಫೆಲ್ ಎಂಬ ಇಂಜಿನಿಯರ್ 1980ರ ದಶಕದಿಂದ ಕೃತಕ ಹಿಮನದಿಗಳನ್ನು ನಿರ್ಮಿಸಿದರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ತೊರೆಯನ್ನು ನೆರಳಿನ ಕಣಿವೆಗೆ ತಿರುಗಿಸಿ, ಕಲ್ಲುಕಟ್ಟೆಗಳ ಹಿಂದೆ ಹೆಪ್ಪುಗಟ್ಟಿಸುವುದು ಅವರ ವಿಧಾನ. ಹಳ್ಳಿಗೆ ಸಮೀಪ, ಕಡಿಮೆ ಎತ್ತರದಲ್ಲಿರುವುದರಿಂದ ಅದು ಬಿತ್ತನೆಯ ಹೊತ್ತಿಗೇ ಕರಗುತ್ತದೆ. ಸೋನಂ ವಾಂಗ್ಚುಕ್ 2013–14ರ ಚಳಿಗಾಲದಲ್ಲಿ ಅದೇ ನೀರನ್ನು ಕೊಳವೆಯಿಂದ ಚಿಮ್ಮಿಸಿ ಶಂಕುವಿನಾಕಾರದ ಹಿಮಸ್ತೂಪ ಮಾಡಿದರು. ಬಿಸಿಲಿಗೆ ತೆರೆದಿರುವ ಮೈ ಕಡಿಮೆಯಾದ್ದರಿಂದ ಅದು ನಿಧಾನವಾಗಿ ಕರಗುತ್ತದೆ.

ಲಡಾಖ್ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಲೇಹ್ ಪಟ್ಟಣದಲ್ಲಿ ಪ್ರವಾಸಿಗರಿಗಾಗಿ ಹೋಟೆಲುಗಳು ಕೊಳವೆಬಾವಿ ತೋಡಿವೆ. ನೀರು ಬೇಡದ, ಹೊಲಕ್ಕೆ ಗೊಬ್ಬರ ನೀಡುವ ಸಾಂಪ್ರದಾಯಿಕ ಶೌಚಾಲಯದ ಜಾಗಕ್ಕೆ ನೀರು ಸುರಿಯುವ ಶೌಚಾಲಯ ಬಂದಿದೆ. ನಾನೂ ಅಂಥದೊಂದು ಹೋಟೆಲಿನಲ್ಲಿಯೇ ತಂಗಿದ್ದೆ. ಹಿಮನದಿಗಳು ಹಿಂಜರಿಯುತ್ತಿವೆ. 2010ರ ಆಗಸ್ಟ್‌ನ ಮೇಘಸ್ಫೋಟದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಒಂದು ಹಳ್ಳಿಯಲ್ಲಿ ವೃದ್ಧರೊಬ್ಬರು ನಮ್ಮ ಚಾಲಕನ ಮೂಲಕ ನನ್ನನ್ನು ಕೇಳಿದರು: “ನಿಮ್ಮ ಊರಿನಲ್ಲಿ ನೀರು ಹಂಚುವವರು ಯಾರು?” ನಾನು ನಿರುತ್ತರನಾದೆ. ನಮ್ಮ ಅಬ್ಬಿಯ ನೀರಿಗೂ ಹಿಂದೆ ಸರದಿಯಿತ್ತು. ಮನೆಗೊಂದು ಪಂಪು ಬಂತು, ಸರದಿ ಹೋಯಿತು. ಒರತೆ ಬತ್ತಿದಾಗ ಕೊಳವೆಬಾವಿ ಕೊರೆಸಿದವರಲ್ಲಿ ನಾನೂ ಒಬ್ಬ. ಮರುವರ್ಷದ ಬೇಸಿಗೆಯಲ್ಲಿ ಕೆಳಗಿನ ಮನೆಯವರ ಬಾವಿ ಒಣಗಿತು. ಅದಕ್ಕೆ ನನ್ನ ಕೊಳವೆಬಾವಿಯೇ ಕಾರಣವೆಂದು ಯಾರೂ ಸಾಬೀತು ಮಾಡಿಲ್ಲ. ಅಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಬಂಧುಗಳೇ, ನಮ್ಮ ಕೊರತೆ ಮಳೆಯದಲ್ಲ, ಕಟ್ಟಳೆಯದು. ಈ ಮಳೆಗಾಲಕ್ಕೆ ಮೊದಲು ಒಂದು ಹಳ್ಳವನ್ನಾದರೂ ಆರಿಸಿಕೊಳ್ಳೋಣ. ಅದರ ನೆತ್ತಿಯ ಸೊಪ್ಪಿನಬೆಟ್ಟವನ್ನು ಕಾಯೋಣ. ಅದರ ನೀರು ಬಳಸುವ ಮನೆಗಳೆಲ್ಲ ಕುಳಿತು ಸರದಿ ನಿಶ್ಚಯಿಸೋಣ. ನನ್ನ ಪಂಪಿನ ಸರದಿಯನ್ನು ಊರವರೇ ನಿರ್ಧರಿಸಲಿ. ಮೊದಲ ಸಭೆ ನಮ್ಮ ಮನೆಯ ಅಂಗಳದಲ್ಲಿಯೇ ಆಗಲಿ.