ತಾಯ್ತಂದೆಗಳಿಗೂ ಪಾಠ ಬೇಕು



ಮಗ್ಗಕ್ಕೆ ಕೂರುವವನು ಮಗ್ಗದ ಕೆಲಸವನ್ನು ಮೊದಲು ಕಲಿಯುವನು; ನೇಗಿಲು ಹಿಡಿಯುವವನು ಸಾಲು ಹೊಡೆಯುವುದನ್ನು ಕಲಿಯುವನು. ಮಕ್ಕಳನ್ನು ಸಾಕುವ ಕೆಲಸವೊಂದು ಮಾತ್ರ ತಾನಾಗಿ ಬರುವುದೆಂದು ಜನರು ಭಾವಿಸಿರುವರು. ಅದು ಎಂದಿಗೂ ತಾನಾಗಿ ಬಂದುದಲ್ಲ. ಅತ್ತೆ, ಅಜ್ಜಿ, ನೆರೆಮನೆಯ ಹಿರಿಯಳು ಕಲಿಸುತ್ತಿದ್ದರು. ಕಲಿಸುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ. ಅವರು ಕಲಿಸಿದುದರಲ್ಲಿ ಬರೆ ಎಳೆಯುವುದೂ ಮೆಣಸಿನಕಾಯಿಯ ಹೊಗೆ ಹಾಕುವುದೂ ಸೇರಿದ್ದುವೆಂಬುದನ್ನು ಮರೆಮಾಚುವುದು ಸಲ್ಲದು.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾರೋಹಳ್ಳಿಯಿರುವುದು. ಹಿಂದೆ ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದ ಈ ಊರು ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿದೆ. ರಾಗಿಯ ಹೊಲಗಳ ನಾಡಿನಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಕಾರ್ಖಾನೆಗಳಿಗೆ ನಿವೇಶನಗಳನ್ನು ಹಂಚಿತು. ದೂರದ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ಎಳೆಯ ದಂಪತಿಗಳು ಒಂದೇ ಕೋಣೆಯ ಬಾಡಿಗೆಮನೆಯಲ್ಲಿ ಸಂಸಾರ ಹೂಡುವರು. ಅಜ್ಜಿಯು ಊರಿನಲ್ಲಿಯೇ ಉಳಿದಿರುವಳು. ಗಂಡನಿಗೆ ರಾತ್ರಿಯ ಪಾಳಿ. ಹಗಲೆಲ್ಲ ಅವನು ಮಲಗಬೇಕಾದ ಕೋಣೆಯಲ್ಲಿಯೇ ಬಾಣಂತಿಯೂ ಕೂಸೂ ಇರಬೇಕು.

ಅಲ್ಲಿ ಎರಡು ತಿಂಗಳ ಶಿಶುವೊಂದು ಎಡೆಬಿಡದೆ ಅಳತೊಡಗಿತೆಂದು ಭಾವಿಸಿರಿ. ಆರೋಗ್ಯವಂತ ಶಿಶುವಿನ ಅಳುವೂ ಹುಟ್ಟಿದ ಕೆಲವು ವಾರಗಳಲ್ಲಿ ಏರುತ್ತ ಬಂದು, ಎರಡನೆಯ ತಿಂಗಳಿನ ಸುಮಾರಿಗೆ ತುದಿ ಮುಟ್ಟಿ, ನಾಲ್ಕೈದು ತಿಂಗಳಾಗುವಷ್ಟರಲ್ಲಿ ಇಳಿಯುವುದು. ಇದನ್ನರಿಯದ ತಂದೆಯು ಅದನ್ನು ಹಠವೆಂದು ಬಗೆದು, ನಿದ್ರೆಗೆಟ್ಟ ಕೋಪದಲ್ಲಿ ಕೂಸನ್ನು ಹಿಡಿದು ಅಲ್ಲಾಡಿಸುವನು. ಕುತ್ತಿಗೆ ಬಲಿಯದ ಕೂಸಿಗೆ ಕೆಲವೇ ಕ್ಷಣಗಳ ಆ ಅಲುಗಾಟದಿಂದ ತಲೆಯೊಳಗೆ ರಕ್ತಸ್ರಾವವಾಗಿ ಕುರುಡುತನವೂ ಬುದ್ಧಿಮಾಂದ್ಯವೂ ಮರಣವೂ ಸಂಭವಿಸಬಹುದು. ಆ ತಂದೆ ಕ್ರೂರಿಯೇ? ಬಹುಮಟ್ಟಿಗೆ ಅಲ್ಲ. ಹಸಿವಾಗಲಿ ಜ್ವರವಾಗಲಿ ಇಲ್ಲವೆಂದು ನೋಡಿಕೊಂಡು, ಕೂಸನ್ನು ಅಂಗಾತ ಮಲಗಿಸಿ, ಬಾಗಿಲಿನಾಚೆ ಐದು ನಿಮಿಷ ನಿಂತು ಉಸಿರು ತಹಬಂದಿಗೆ ತಂದುಕೊಂಡು ಒಳಗೆ ಬರಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲು ಅರ್ಧ ಗಂಟೆ ಸಾಕು.

ಆದರೆ ಬರಿಯ ಬುದ್ಧಿವಾದದಿಂದ ಎಲ್ಲವೂ ಸರಿಹೋಗುವುದೆಂದು ತಿಳಿಯತಕ್ಕದ್ದಲ್ಲ. ಇದಕ್ಕೆ ಈ ಸೀಮೆಯ ರೇಷ್ಮೆಯ ಕಥೆಯೇ ಸಾಕ್ಷಿ. ಮಾಗಡಿ, ರಾಮನಗರಗಳ ಬಿಚ್ಚಾಣಿಕೆಯ ಮನೆಗಳಲ್ಲಿಯೂ ಹುರಿ ಹಾಕುವ ಕಾರ್ಖಾನೆಗಳಲ್ಲಿಯೂ ಎಳೆಯ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 1996ರಲ್ಲಿಯೂ 2003ರಲ್ಲಿಯೂ ತನ್ನ ವರದಿಗಳಲ್ಲಿ ವಿವರಿಸಿತು. ಕುದಿಯುವ ನೀರಿನಲ್ಲಿ ಗೂಡುಗಳನ್ನು ತಡಕಿ ಬೊಬ್ಬೆಯೆದ್ದ ಬೆರಳುಗಳು, ದಿನಕ್ಕೆ 12 ಗಂಟೆಗೂ ಮೀರಿದ ದುಡಿಮೆ, ಮಾಲೀಕರ ಹೊಡೆತ! ಆ ಮಕ್ಕಳನ್ನು ಒಪ್ಪಿಸಿದವರು ಹೆತ್ತವರೇ. ಕಾಯಿಲೆಗೋ ಮದುವೆಗೋ ಕೆಲವು ಸಾವಿರ ರೂಪಾಯಿ ಮುಂಗಡ ಪಡೆದು, ತೀರಿಸಲಾರದೆ, ಮಗುವನ್ನು ಸಾಲಕ್ಕೆ ಒತ್ತೆಯಿಟ್ಟಂತೆ ಬಿಟ್ಟಿದ್ದರು. ಜೀತಪದ್ಧತಿಯು 1976ರಲ್ಲಿಯೇ ಕಾಯಿದೆಯಿಂದ ರದ್ದಾಗಿದ್ದಿತು. 1986ರಲ್ಲಿ ಬಾಲಕಾರ್ಮಿಕರ ಕಾಯಿದೆಯೂ ಬಂದಿದ್ದಿತು. ಅಂಥ ತಾಯಿಗೆ ವಾತ್ಸಲ್ಯದ ಉಪನ್ಯಾಸ ಮಾಡುವುದು ಗಾಯಕ್ಕೆ ಉಪ್ಪು ತಿಕ್ಕಿದಂತೆ. ಅವಳಿಗೆ ಬೇಕಾಗಿದ್ದುದು ಸಾಲದಿಂದ ಬಿಡುಗಡೆ, ಮಗುವಿಗೆ ಶಾಲೆ.

ಈ ಎರಡು ಮಾತುಗಳನ್ನೂ ಜೊತೆಗೂಡಿಸಿದ ಉದಾಹರಣೆಯೊಂದು ದಕ್ಷಿಣ ಆಫ್ರಿಕದಲ್ಲಿ ದೊರೆಯುವುದು. ಪೂರ್ವ ಕೇಪ್ ಪ್ರಾಂತದ 40 ಬಡ ನೆಲೆಗಳಲ್ಲಿ 552 ಕುಟುಂಬಗಳನ್ನು ಆಯ್ದು, ಅರ್ಧದಷ್ಟು ನೆಲೆಗಳಲ್ಲಿ ಹೆತ್ತವರಿಗೂ ಹದಿಹರೆಯದ ಮಕ್ಕಳಿಗೂ ವಾರಕ್ಕೊಂದರಂತೆ 14 ಪಾಠಗಳನ್ನು ನಡೆಸಿದರು. ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಹೆತ್ತವರ ಹೇಳಿಕೆಯಂತೆ ಹೊಡೆತ ಬೈಗುಳಗಳು ಕಡಿಮೆಯಾದುವು, ಕುಡಿತವೂ ತಗ್ಗಿತು. ಪಾಠ ಹೇಳಿದವರು ಪಂಡಿತರಲ್ಲ, ತರಬೇತು ಪಡೆದ ಸ್ಥಳೀಯರೇ. ಆ ಪಾಠಗಳಲ್ಲಿ ಮಗುವನ್ನು ಮೆಚ್ಚಿ ಮಾತನಾಡುವುದರ ಜೊತೆಗೆ, ಮನೆಯ ಖರ್ಚಿನ ಲೆಕ್ಕವನ್ನೂ ಉಳಿತಾಯವನ್ನೂ ಕಲಿಸಿದರು. ಗಮನಿಸತಕ್ಕ ಅಂಶವಿದೇ.

ಹಾರೋಹಳ್ಳಿಯಲ್ಲಿ ಇಂಥ ಪಾಠ ನಡೆಯಬೇಕಾದರೆ ಅದು ಪಾಳಿಯ ಗಡಿಯಾರಕ್ಕೆ ಹೊಂದಬೇಕು. ವಾರದ ರಜೆಯ ದಿನ, ಕೆಲಸಗಾರರ ವಠಾರದಲ್ಲಿಯೇ, ಅವರವರ ಭಾಷೆಯಲ್ಲಿ ನಡೆಯಬೇಕು. ತಾಯಂದಿರನ್ನು ಮಾತ್ರ ಕರೆದು ಕೂರಿಸುವುದು ಅರ್ಧ ಕೆಲಸ, ತಂದೆಯೂ ಬರಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರವನ್ನು ಏರ್ಪಡಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶವೀಯಬೇಕು ಎಂಬ ವಿಧಿಯು 2017ರಲ್ಲಿ ಬಂದಿತು. ಆ ವಿಧಿಯನ್ನು ಕೆಲಸಗಾರ್ತಿಯರಿಗೆ ತಿಳಿಸುವುದೂ ಪಾಠದ ಭಾಗವೇ ಆಗಬೇಕು.

ಪಾಠ ಹೇಳುವವರು ಮತ್ತೊಂದನ್ನು ಅರಿತಿರಬೇಕು. ನಾಲ್ಕು ವಾರ ಕಳೆದು ನಂಬಿಕೆ ಬೆಳೆದಾಗ, ಯಾವಳೋ ಒಬ್ಬ ತಾಯಿ ಎಲ್ಲರೂ ಎದ್ದುಹೋದಮೇಲೆ ಹಿಂದುಳಿದು, ತನ್ನ ಮಗುವಿನ ಮೈಮೇಲೆ ಪರರ ಕೈ ಬಿದ್ದುದನ್ನು ತಗ್ಗಿದ ದನಿಯಲ್ಲಿ ಹೇಳುವಳು. ಯಾರಿಗೂ ತಿಳಿಸುವುದಿಲ್ಲವೆಂದು ಆಗ ಅವಳಿಗೆ ಭಾಷೆ ಕೊಡತಕ್ಕದ್ದಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯು ವಿಧಿಸಿರುವುದು. ಅವಳ ಮಾತನ್ನು ಪೂರ್ತಿ ಕೇಳಿ, ತಪ್ಪು ಮಗುವಿನದಲ್ಲವೆಂದು ಹೇಳಿ, 1098ಕ್ಕೆ ಕರೆಮಾಡಿ, ಠಾಣೆಗೂ ಆಸ್ಪತ್ರೆಗೂ ಅವಳ ಜೊತೆಯಲ್ಲಿ ನಡೆದುಹೋಗಬೇಕು.