ಕಿವಿಗೆ ಬೀಳುವ ಸುಳಿವು

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಬಾನುಲಿ ಕೇಂದ್ರದ ಹೆಸರು ‘ಆಕಾಶವಾಣಿ’. ಅದೇ ಹೆಸರನ್ನು ಇಂದು ಪಣಜಿಯ ಕೇಂದ್ರವೂ ಹೊತ್ತಿದೆ. ಬಾನುಲಿಯ ಪತ್ತೇದಾರಿ ನಾಟಕಕ್ಕೆ ಒಂದು ಕಟ್ಟಳೆಯುಂಟು: ಸುಳಿವು ಕೇಳುಗನ ಕಿವಿಗೆ ಬೀಳಲೇಬೇಕು. ರಕ್ತದ ಕಲೆ ಅಲ್ಲಿ ಕಾಣದು. ಕುಂಟುವ ಹೆಜ್ಜೆ, ತಡವರಿಸಿದ ಮಾತು ಕೇಳಿಸುತ್ತವೆ. ಆದುದರಿಂದ ಪಾತ್ರಗಳು ಕೆಲವೇ ಇರಲಿ, ದನಿಗಳು ಭಿನ್ನವಾಗಿರಲಿ.

ಗೋವೆಯ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಕೊಂಕಣಿ, ಹಿಂದಿ; ಕನ್ನಡ ಮನೆಯೊಳಗೆ ಮಾತ್ರ. ಇಂತಹ ನಾಟಕವನ್ನು ಅವರಿಂದಲೇ ಆಡಿಸಿ, ಮೊಬೈಲಿನಲ್ಲಿ ಮುದ್ರಿಸಿರಿ. ಮೀನುಗಾರನು ‘ಬಲೆ ಕಳೆದಿದೆ’ ಎಂದದ್ದನ್ನು ಸಾಕ್ಷಿಯು ‘ಬಳೆ’ ಎಂದು ಕೇಳಿಸಿಕೊಳ್ಳಲಿ; ಅಲ್ಲಿಯೇ ರಹಸ್ಯ ಹುಟ್ಟುತ್ತದೆ. ಲಕಾರ, ಳಕಾರಗಳ ಭೇದವನ್ನು ಬಲ್ಲ ಮಗು ಅದನ್ನು ಬಿಡಿಸುತ್ತದೆ. ಕಥೆಯ ತೀರ್ಪು ಒಂದಕ್ಷರದ ಮೇಲೆ ನಿಂತಾಗ ಮಗು ಆ ಅಕ್ಷರವನ್ನು ಮರೆಯದು.